ಮೂರನೇ ತಟ್ಟು

ಟೇಲರಮ್ಮನ ಮನೆಯಲ್ಲಿ ಕಾರ್ಟೂನ್ ಸಿನಿಮಾ ನೋಡುವುದೆಂದರೆ ಸುಮ್ಮನೆ ಕೂತು ನೋಡುವ ಬಾಬತ್ತಲ್ಲ. ಅದಕ್ಕೊಂದು ಕಟ್ಟಳೆಯಿತ್ತು. ಕಾರ್ಟೂನಿನೊಳಗೆ ಯಾವುದಾದರೂ ಹಳೆಯ ಸಿನಿಮಾದ್ದೋ, ಹಳೆಯ ಟಿವಿ ಧಾರಾವಾಹಿಯದ್ದೋ ನೆರಳು ಕಂಡರೆ, ಕಂಡವರು "ಸಿಕ್ತು!" ಎಂದು ಕೂಗಬೇಕು. ಕೂಗಿದರೆ ಸಾಲದು, ಎದ್ದು ನಿಂತು ಆ ಹಳೆಯದನ್ನು ಅಭಿನಯಿಸಿ ತೋರಿಸಬೇಕು. ಉಳಿದವರು ಒಪ್ಪಿದರೆ ಮನೆಯಲ್ಲಿದ್ದ ಒಂದೇ ಒಂದು ಒರಗುದಿಂಬು ಅವರ ಪಾಲು. ಒಪ್ಪದಿದ್ದರೆ ಮುಖ ಸಪ್ಪೆ ಮಾಡಿಕೊಂಡು ಹೋಗಿ ಎಲ್ಲರಿಗೂ ಕುಡಿಯಲು ನೀರು ತರಬೇಕು.

ಈ ಕಟ್ಟಳೆ ತಂದವಳು ಮಗಳು ಕಡ್ಡಿ. ಚಿಕ್ಕವಳಿದ್ದಾಗ ಬೆಂಕಿಕಡ್ಡಿಯ ಹಾಗೆ ಸಣ್ಣಗಿದ್ದಳು, ಗೀರಿದರೆ ಭುಗ್ಗೆನ್ನುತ್ತಿದ್ದಳು ಕೂಡ. ಹಾಗಾಗಿ ಅಪ್ಪ ಇಟ್ಟ ಹೆಸರು ಅಂಟಿಕೊಂಡಿತು. ಈಗ ಕೂದಲಲ್ಲಿ ಬೆಳ್ಳಿಯೆಳೆ ಕಾಣಿಸಿಕೊಂಡಿದೆ, ಮೈ ತುಂಬಿದೆ, ಹೆಸರು ಮಾತ್ರ ಹಾಗೇ ಉಳಿದಿದೆ. ಅವಳ ಕೆಲಸ ಕಾರ್ಟೂನ್ ಸಿನಿಮಾ ಮಾಡುವ ಕಂಪನಿಯೊಂದರಲ್ಲಿ. ಬೆಕ್ಕು ಸೀನಿದರೆ ಮೀಸೆ ಎತ್ತ ಹೋಗುತ್ತದೆ, ಆನೆಗೆ ನಾಚಿಕೆಯಾದರೆ ಕಿವಿ ಏನು ಮಾಡುತ್ತದೆ, ಇಂಥವನ್ನು ಬರೆದು ಕುಣಿಸುವ ಕೆಲಸ. "ಓದಿಸಿದ್ದು ಇದಕ್ಕೇನಾ?" ಎಂದು ಟೇಲರಮ್ಮ ಮೊದಮೊದಲು ರೇಗಿಸುತ್ತಿದ್ದರು. ಆಮೇಲೆ ಅವರೇ ಬೀದಿಯ ಬೆಕ್ಕು ಸೀನುವುದನ್ನು ಕಾದು ನೋಡಿ ಮಗಳಿಗೆ ವರದಿ ಒಪ್ಪಿಸತೊಡಗಿದರು.

ಕಡ್ಡಿಯ ಮಗಳನ್ನು ಎಲ್ಲರೂ ಕರೆಯುವುದು ಪತ್ತೇದಾರಿ ಎಂದು. ಶಾಲೆಯಲ್ಲಿ ಬೇರೆ ಹೆಸರಿದೆ, ಅಲ್ಲಿ ಅದಕ್ಕೆ ಓಗೊಡುತ್ತಾಳೆ. ಅಮ್ಮನ ಕಟ್ಟಳೆಯನ್ನು ಅವಳಷ್ಟು ಗಂಭೀರವಾಗಿ ತೆಗೆದುಕೊಂಡವರು ಇನ್ನೊಬ್ಬರಿಲ್ಲ. ಒರಗುದಿಂಬಿನ ಆಸೆಗೆ ಅವಳು ಮೊದಲು ಹಳೆಯ ಸಿನಿಮಾಗಳನ್ನು ನೋಡಿ ಮುಗಿಸಿದಳು. ಈಗ ಹಳೆಯ ಟಿವಿ ಕಾರ್ಯಕ್ರಮಗಳಿಗೆ ಇಳಿದಿದ್ದಳು. ಕಪ್ಪು-ಬಿಳುಪು ಜನ ಮೊಬೈಲಿನೊಳಗೆ ಬಾಗಿಲು ತೆರೆದು ಮುಚ್ಚುವುದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾ ಕೂರುತ್ತಿದ್ದಳು. ಅವಳ ವಯಸ್ಸಿನ ಉಳಿದ ಮಕ್ಕಳು ಅಂಗಳದಲ್ಲಿ ಕಿರುಚಾಡುತ್ತಿದ್ದರೂ ಇವಳದ್ದು ಇದೇ ಧ್ಯಾನ.

ಆ ಶನಿವಾರ ಮಧ್ಯಾಹ್ನ ಟೇಲರಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಗಂಡನ ಹಳೆಯ ಕೋಟಿನ ಲೈನಿಂಗ್ ಬಿಚ್ಚುತ್ತಿದ್ದರು. ಹೊಸ ಬಟ್ಟೆ ಹೊಲಿಯುವುದನ್ನು ಅವರು ಬಿಟ್ಟು ಬಹಳ ಕಾಲವಾಯಿತು. ಈಗೇನಿದ್ದರೂ ಆಲ್ಟರೇಷನ್: ತೂಕ ಇಳಿದವರ ಪ್ಯಾಂಟು, ಉದ್ದ ಬೆಳೆದವರ ಲಂಗ, ಅಕ್ಕನದ್ದು ತಂಗಿಗೆ. ಬಂದ ಬಟ್ಟೆಯನ್ನು ತಿರುವಿ ಒಳಗಡೆಯ ಹೊಲಿಗೆ ನೋಡಿದರೆ ಸಾಕು, ಮೊದಲು ಯಾರು ಹೊಲಿದರು, ನಡುವೆ ಯಾರು ಕೈಯಾಡಿಸಿದರು ಎಂದು ಹೇಳಿಬಿಡುತ್ತಿದ್ದರು.

ಈ ಕೋಟು ಮರುದಿನ ಬೆಳಿಗ್ಗೆಯೊಳಗೆ ಕಡ್ಡಿಯ ಅಳತೆಗೆ ಬರಬೇಕಿತ್ತು. ಅವಳು ಕೆಲಸ ಮಾಡಿದ ಸಿನಿಮಾ ಊರಿನ ಥಿಯೇಟರಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಅದೊಂದು ಮುದಿ ಮುಳ್ಳುಹಂದಿಯ ಕಥೆ. ಕೆಟ್ಟುಹೋದ ಚಂದ್ರನನ್ನು ರಿಪೇರಿ ಮಾಡುವ ಮುಳ್ಳುಹಂದಿ. ಸಿನಿಮಾ ಮಾಡಿದವರು ಅದರ ತುಂಬ ಹಳೆಯ ಸಿನಿಮಾಗಳನ್ನು ಅಡಗಿಸಿಟ್ಟಿದ್ದರು. ಧೂಳಿನ ಬೀದಿಯಲ್ಲಿ ಎದುರುಬದುರು ನಿಂತು ದುರುಗುಟ್ಟಿಕೊಳ್ಳುವ ಇಬ್ಬರು ಬಂದೂಕುವೀರರ ಜಾಗದಲ್ಲಿ ಎರಡು ಬಸವನಹುಳು. ಅವು ಒಂದನ್ನೊಂದು ತಲುಪುವಷ್ಟರಲ್ಲಿ ಸಂಜೆಯಾಗುತ್ತದೆ. ಹೊಗೆ ತುಂಬಿದ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಬೀಳ್ಕೊಳ್ಳುವ ಪ್ರೇಮಿಗಳ ಜಾಗದಲ್ಲಿ ಎರಡು ಇರುವೆ. ಭಾನುವಾರದ ಆಟ ಮುಗಿದ ಮೇಲೆ ಮಾಡಿದವರು ವೇದಿಕೆಯ ಮೇಲೆ ಬರುವುದು, ಮಕ್ಕಳು ಕೈ ಎತ್ತಿ ಎಲ್ಲಿ ಏನು ಅಡಗಿದೆ ಎಂದು ಹೇಳುವುದು ಎಂದು ನಿಶ್ಚಯವಾಗಿತ್ತು.

ಕಡ್ಡಿ ಆ ದಿನಕ್ಕಾಗಿ ಕಾದಿದ್ದಳು. ಎಲ್ಲವೂ ಬೇರೆ ಕಡೆಯಿಂದ ತಂದದ್ದಾದರೂ, ಒಂದು ಮಾತ್ರ ಹಾಗಲ್ಲ ಎಂದು ಅವಳು ಅಲ್ಲಿ ಹೇಳಬೇಕಿತ್ತು. ಮುಳ್ಳುಹಂದಿ ಚಂದ್ರನನ್ನು ರಿಪೇರಿ ಮಾಡುವ ರೀತಿ ಅವಳ ಅಪ್ಪನದ್ದು. ಮುಳ್ಳುಹಂದಿ ಚಂದ್ರನಿಗೆ ಒಂದು ಸಲ ತಟ್ಟುತ್ತದೆ. ಕಿವಿಯಿಟ್ಟು ಕೇಳುತ್ತದೆ, ಹುಬ್ಬು ಕುಣಿಸುತ್ತದೆ. ಇನ್ನೊಂದು ಸಲ ತಟ್ಟುತ್ತದೆ. ಆಮೇಲೆ ನಮ್ಮ ಕಡೆ ತಿರುಗಿ ಸುಮ್ಮನೆ ನಿಲ್ಲುತ್ತದೆ. ಬಹಳ ಹೊತ್ತು ನಿಲ್ಲುತ್ತದೆ. ಕೊನೆಗೆ ಪರದೆಯ ಕೆಳಗಿನಿಂದ ಒಂದು ಪುಟ್ಟ ಕೈ ಬಂದು ಮೂರನೇ ಸಲ ತಟ್ಟಿದಾಗ ಚಂದ್ರ ಹತ್ತಿಕೊಳ್ಳುತ್ತಾನೆ. ಟಿವಿ ರಿಪೇರಿ ಮಾಡುತ್ತಿದ್ದ ಅಪ್ಪ ಹೀಗೇ ಮಾಡುತ್ತಿದ್ದರು. ಆ ಮೂರನೇ ತಟ್ಟು ಕಡ್ಡಿಯದ್ದು.

ನಿರ್ದೇಶಕರು ಆ ನಿಲ್ಲುವುದನ್ನು ಕತ್ತರಿಸಿ ಎಂದಿದ್ದರು. "ಏನೂ ಆಗಲ್ಲ, ಸುಮ್ನೆ ನಿಂತಿರುತ್ತೆ, ಮಕ್ಕಳು ಬೇಜಾರಾಗಿ ಎದ್ದು ಹೋಗ್ತಾರೆ," ಎಂದರಂತೆ. ಕಡ್ಡಿ ಅಲ್ಲೇ ಭುಗ್ಗೆಂದಳು. ತಲೆ ಹೋದರೂ ಕತ್ತರಿಸಲ್ಲ ಎಂದು ಕೂತಳು. ಕೊನೆಗೆ ಅವರೇ ಸೋತರು. ಅಪ್ಪ ತೀರಿಕೊಂಡ ವರ್ಷವೇ ಈ ಕೆಲಸ ಶುರುವಾದದ್ದು, ಇದು ಬಿಟ್ಟರೆ ಅವರ ನೆನಪಿಗೆ ತಾನು ಬೇರೇನೂ ಮಾಡಿಲ್ಲ ಎಂದು ಅವಳು ತಾಯಿಯ ಹತ್ತಿರ ಹೇಳಿಕೊಂಡಿದ್ದಳು.

"ಅಜ್ಜೀ! ಸಿಕ್ತು!"

ಟೇಲರಮ್ಮನ ಕೈಲಿದ್ದ ಬ್ಲೇಡು ಒಂದು ಹೊಲಿಗೆ ಹೆಚ್ಚೇ ಬಿಚ್ಚಿತು.

"ಯಾಕೆ ಹಾಗೆ ಕಿರುಚ್ತೀಯೆ? ಕೋಟು ಹರಿದ್ರೆ ನಿಮ್ಮಮ್ಮ ನನ್ನ ಹರೀತಾಳೆ."

"ಮುಳ್ಳುಹಂದಿ ಸಿಕ್ತು ಅಜ್ಜಿ! ತಟ್ಟೋದು! ಇಲ್ಲಿ ನೋಡು, ಇಲ್ಲಿ!"

ಪತ್ತೇದಾರಿ ಮೊಬೈಲನ್ನು ಅಜ್ಜಿಯ ಮೂಗಿಗೇ ಹಿಡಿದಳು. ಟೇಲರಮ್ಮ ಕನ್ನಡಕ ಸರಿಮಾಡಿಕೊಂಡು ಕತ್ತು ಹಿಂದಕ್ಕೆ ಎಳೆದುಕೊಂಡರು. ಪರದೆಯ ಮೇಲೆ ಗೀರುಗೀರಾದ ಚಿತ್ರ. ಗಿಡ್ಡ ಪ್ಯಾಂಟು, ಉದ್ದ ಟೈ, ಜೇಬಿನ ತುಂಬ ಸ್ಕ್ರೂಡ್ರೈವರು. ಟೇಲರಮ್ಮನಿಗೆ ಒಡನೆ ಗುರುತು ಹತ್ತಿತು. ಸ್ಕ್ರೂ ಸಾಹೇಬ! ವಾರಕ್ಕೊಮ್ಮೆ ಬರುತ್ತಿದ್ದ ನಗೆಯ ಕಾರ್ಯಕ್ರಮ. ಅದರ ಟೇಪುಗಳೆಲ್ಲ ಹಾಳಾಗಿವೆ ಎಂದು ಗಂಡ ಯಾವಾಗಲೋ ಪೇಚಾಡಿದ್ದರು. ಯಾರೋ ಪುಣ್ಯಾತ್ಮರು ಎಲ್ಲಿಂದಲೋ ಹುಡುಕಿ ಜನ ನೋಡಲೆಂದು ಇಂಟರ್‌ನೆಟ್ಟಿಗೆ ಹಾಕಿದ್ದರು.

ಸ್ಕ್ರೂ ಸಾಹೇಬ ಒಂದು ಟಿವಿಯ ಮುಂದೆ ನಿಂತ. ಒಂದು ಸಲ ತಟ್ಟಿದ. ಡಾಕ್ಟರ ಹಾಗೆ ಕಿವಿಯಿಟ್ಟು ಕೇಳಿದ, ಹುಬ್ಬು ಕುಣಿಸಿದ. ಇನ್ನೊಂದು ಸಲ ತಟ್ಟಿದ. ಮೂರನೆಯದನ್ನು ಕೈಯೆತ್ತಿ ಬಲವಾಗಿ ಬಾರಿಸಿದ. ನಾಲ್ಕೂ ಕಾಲು ಮುರಿದು ಟಿವಿ ಅವನ ಪಾದದ ಮೇಲೆ ಕುಸಿಯಿತು. ಜನ ಹೋ ಎಂದು ನಕ್ಕರು.

ಪತ್ತೇದಾರಿಯೂ ನಕ್ಕಳು. ನಕ್ಕು ಮುಗಿದ ಮೇಲೆ ಅಜ್ಜಿ ನಗುತ್ತಿಲ್ಲ ಎಂದು ಕಂಡಿತು.

"ಕಿವಿ ಇಡೋದೂ ಅದೇ, ಹುಬ್ಬು ಕುಣಿಸೋದೂ ಅದೇ," ಎಂದಳು, ಸ್ವಲ್ಪ ದನಿ ಇಳಿಸಿ. "ನಾಳೆ ಮೊದಲು ನಾನೇ ಕೈ ಎತ್ತೋದು. ಇದು ಯಾರಿಗೂ ಸಿಕ್ಕಿರಲ್ಲ ಅಜ್ಜಿ."

ಟೇಲರಮ್ಮ ಕೋಟಿನ ತೋಳನ್ನು ನೇವರಿಸಿದರು. ಅವರ ಕಣ್ಣ ಮುಂದೆ ವೇದಿಕೆ ಬಂತು. ಅಲ್ಲಿ ಕಡ್ಡಿ, ಈ ಕೋಟು ತೊಟ್ಟು, ಇದು ನಮ್ಮಪ್ಪನದ್ದು ಎನ್ನುತ್ತಿದ್ದಾಳೆ. ಕೆಳಗೆ ಅವಳು ಹೆತ್ತ ಮಗಳೇ ಎದ್ದು ನಿಂತು ಅಲ್ಲ ಎನ್ನುತ್ತಿದ್ದಾಳೆ.

"ಅಮ್ಮ ಅದು ಅಜ್ಜಂದು ಅಂತಾಳಲ್ಲ," ಎಂದಳು ಪತ್ತೇದಾರಿ. ಅವಳಿಗೂ ಈಗ ಹೊಳೆಯುತ್ತಿತ್ತು. "ಅಜ್ಜ ಕದ್ದಿದ್ದಾ?"

"ಕದಿಯೋದಂದ್ರೇನೇ? ಬಾಯಿ ತೊಳ್ಕೊ."

"ಮತ್ತೆ?"

ಟೇಲರಮ್ಮ ಬ್ಲೇಡನ್ನು ಕೆಳಗಿಟ್ಟರು. ಹೇಳಬಾರದು ಎಂದು ಅವರು ಯಾವತ್ತೂ ಅಂದುಕೊಂಡವರಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. ಮಗಳ ಬಾಯಲ್ಲಿ ಅದು ಅಪ್ಪನ ತಟ್ಟು ಆಗಿತ್ತು, ಮನೆಯಲ್ಲೂ ಹಾಗೇ ಆಗಿಹೋಗಿತ್ತು.

"ನಾಳೆ ಕೈ ಎತ್ಬೇಡ ಅಂತೀಯಾ?" ಪತ್ತೇದಾರಿಯ ಕೆಳತುಟಿ ಮುಂದೆ ಬಂತು.

"ನಾನ್ಯಾಕೆ ಹಾಗನ್ಲಿ? ಸಿಕ್ಕಿದ್ದು ನಿಂಗೆ. ಆದ್ರೆ ಊರಿಗೆಲ್ಲ ಹೇಳೋ ಮುಂಚೆ ನಿಮ್ಮಮ್ಮಂಗೆ ಗೊತ್ತಾಗ್ಬೇಕು. ಸಂಜೆ ಕೋಟು ಹಾಕಿ ನೋಡೋಕೆ ಬರ್ತಾಳೆ. ನಾನು ಹೇಳ್ತೀನಿ. ಅಲ್ಲೀವರೆಗೆ ಬಾಯಿಗೆ ಬೀಗ."

"ಕೀಲಿ ಯಾರ ಹತ್ರ?"

"ನನ್ನ ಹತ್ರ. ಹೋಗು, ಆ ದಾರದ ಉಂಡೆ ತಾ."

ಸಂಜೆ ಕಡ್ಡಿ ಬಂದಾಗ ಮುಖದಲ್ಲಿ ಕೆಲಸದ ದಣಿವೂ ನಾಳೆಯ ಸಂಭ್ರಮವೂ ಒಟ್ಟಿಗೇ ಇದ್ದವು. ಚೀಲ ಒಂದು ಕಡೆ, ಚಪ್ಪಲಿ ಒಂದು ಕಡೆ ಎಸೆದು ಕೋಟು ತೊಟ್ಟು ಬೀರುವಿನ ಕನ್ನಡಿಯ ಮುಂದೆ ನಿಂತಳು. ಭುಜ ಎರಡೂ ಕೆಳಗೆ ಜಾರಿದ್ದವು.

"ಅಯ್ಯೋ, ಬೆದರುಬೊಂಬೆ ಥರ ಇದ್ದೀನಲ್ಲಮ್ಮ!"

"ಇನ್ನೂ ಪಿನ್ನು ಹಾಕಿಲ್ಲ, ತಡಿ. ಅಲ್ಲಾಡ್ಬೇಡ."

ಟೇಲರಮ್ಮ ಗುಂಡುಪಿನ್ನುಗಳನ್ನು ತುಟಿಯ ನಡುವೆ ಸಾಲಾಗಿ ಕಚ್ಚಿಕೊಂಡರು. ಒಂದೊಂದೇ ತೆಗೆದು ಭುಜಕ್ಕೆ, ಬೆನ್ನಿಗೆ, ತೋಳಿಗೆ ಚುಚ್ಚುತ್ತ ಹೋದರು. ಬಾಯಲ್ಲಿ ಪಿನ್ನು ಇರುವಷ್ಟು ಹೊತ್ತು ಮಾತಾಡಬೇಕಿಲ್ಲ. ಅವರು ಪಿನ್ನು ಖಾಲಿಯಾದ ಹಾಗೆ ಮತ್ತೆ ಡಬ್ಬಿಯಿಂದ ತೆಗೆದು ಕಚ್ಚಿಕೊಳ್ಳುತ್ತಿದ್ದರು.

"ನಾಳೆ ಏನು ಹೇಳ್ತೀನಿ ಕೇಳು," ಎಂದಳು ಕಡ್ಡಿ ಕನ್ನಡಿಗೆ. "ಇದರಲ್ಲಿ ಬಸವನಹುಳು ಅವರದ್ದು, ಇರುವೆ ಇವರದ್ದು, ಎಲ್ಲಾ ದೊಡ್ಡ ದೊಡ್ಡೋರದ್ದು. ಆದ್ರೆ ಈ ತಟ್ಟೋದಿದೆಯಲ್ಲ, ಇದನ್ನ ನೀವು ಯಾವ ಸಿನಿಮಾದಲ್ಲೂ ನೋಡಿರಲ್ಲ. ಇದು ಒಬ್ಬ ಟಿವಿ ಮೆಕ್ಯಾನಿಕ್ಕಂದು. ಹೇಗಿದೆ?"

ಮೂಲೆಯಲ್ಲಿ ಪತ್ತೇದಾರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಜ್ಜಿಯನ್ನೇ ನೋಡುತ್ತಿದ್ದಳು. ಕಣ್ಣು ಅಗಲವಾಗಿದ್ದವು.

"ಇವಳಿಗೇನಾಗಿದೆ? ಹಲ್ಲು ನೋವಾ? ಅಮ್ಮ, ನೀನೂ ಮಾತಾಡ್ತಿಲ್ಲ. ಆ ಪಿನ್ನು ತೆಗೆದು ಹೇಳು, ಚೆನ್ನಾಗಿದೆಯೋ ಇಲ್ವೋ?"

ಟೇಲರಮ್ಮ ಪಿನ್ನುಗಳನ್ನು ಅಂಗೈಗೆ ಉಗುಳಿಕೊಂಡರು.

"ಜನ ಅದನ್ನ ಟಿವಿಯಲ್ಲಿ ನೋಡಿದ್ದಾರೆ ಕಣೆ," ಎಂದರು. "ಇವಳಿಗೆ ಸಿಕ್ತು. ಮೊದ್ಲು ನೋಡು. ಆಮೇಲೆ ಬೈಯೋದಿದ್ರೆ ನನ್ನ ಬೈಯಿ."

ಕಡ್ಡಿ ನೋಡಿದಳು. ಅಲ್ಲಿ ಜನ ಹೋ ಎಂದು ನಕ್ಕಾಗ ಅವಳು ಮೊಬೈಲನ್ನು ಮಗಳಿಗೆ ಕೊಟ್ಟಳು. ಮತ್ತೆ ತೆಗೆದುಕೊಂಡು ಮೊದಲಿಂದ ನೋಡಿದಳು. ಭುಗ್ಗೆನ್ನುತ್ತಾಳೆ ಎಂದು ಟೇಲರಮ್ಮ ಕಾದರು. ಭುಗ್ಗೆನ್ನಲಿಲ್ಲ. ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ನಿಧಾನವಾಗಿ ಕೂತಳು. ಪಿನ್ನು ಚುಚ್ಚಿದ ಕೋಟು ಅವಳ ಸುತ್ತ ಡೇರೆಯ ಹಾಗೆ ಎದ್ದು ನಿಂತಿತು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಪ್ಪ ಇದನ್ನ ನೋಡಿ ಕಲಿತದ್ದಾ?"

"ಇದನ್ನೇ ನೋಡಿ."

"ಹಾಗಾದ್ರೆ ಅಪ್ಪಂದು ಅಂತ ಏನಿದೆ ಅದರಲ್ಲಿ?" ಎಂದಳು ಕಡ್ಡಿ. ದನಿ ಚಿಕ್ಕ ಹುಡುಗಿಯದಾಗಿತ್ತು. "ನಾನು ಅವರನ್ನ ಅಲ್ಲಿ ಇಟ್ಟಿದ್ದೀನಿ ಅಂದ್ಕೊಂಡಿದ್ದೆ. ಇಟ್ಟಿರೋದು ಯಾರನ್ನೋ."

ಪತ್ತೇದಾರಿ ಬಾಯಿಯ ಮೇಲಿನ ಕೈ ತೆಗೆದು ಅಳುವ ಸನ್ನಾಹದಲ್ಲಿದ್ದಳು. ಟೇಲರಮ್ಮ ಅವಳನ್ನು ಪಕ್ಕಕ್ಕೆ ಎಳೆದುಕೊಂಡು, ಕೋಟಿನ ಅಂಚನ್ನು ಮಗಳ ಮಡಿಲಲ್ಲಿ ಮಗುಚಿ ಹಿಡಿದರು.

"ಈ ಕೋಟು ಯಾರದ್ದು?"

"ಅಪ್ಪಂದು. ಈಗ ಅದ್ಯಾಕೆ?"

"ಇಲ್ಲಿ ನೋಡು. ಈ ಹೊಲಿಗೆ ನಂದು. ಅದರ ಕೆಳಗೆ, ಇಲ್ಲಿ, ಸೂಜಿ ಹೋದ ತೂತು ಕಾಣ್ತಿದೆಯಲ್ಲ, ಅದು ನಂದಲ್ಲ. ಯಾರೋ ದಪ್ಪ ದಾರದೋನು. ಮದುವೆಯಾದ ಹೊಸದರಲ್ಲಿ ಹಳೇ ಬಟ್ಟೆ ಅಂಗಡೀಲಿ ತಂದಿದ್ದು ಇದು. ನಿಮ್ಮಪ್ಪಂಗೆ ಬಲಭುಜ ಒಂಚೂರು ಇಳಿದಿತ್ತು, ಟಿವಿ ಎತ್ತಿ ಎತ್ತಿ. ಅದಕ್ಕೇ ಈ ಕಡೆ ಒಳಗೆ ಬಟ್ಟೆ ಮಡಿಸಿ ಕೊಟ್ಟೆ. ಅಷ್ಟಾದ ಮೇಲೆ ಇದು ಇನ್ಯಾರಿಗೂ ಆಗ್ತಿರಲಿಲ್ಲ. ಅವರದ್ದೇ ಆಯ್ತು."

"ಅಮ್ಮ, ಇದು ಕೋಟು."

"ಕೋಟೇ. ಪೂರ್ತಿ ಕೇಳು. ನೀನು ಇಷ್ಟುದ್ದ ಇದ್ದಾಗ ಟಿವಿ ಕಂಡ್ರೆ ಹೆದರ್ತಿದ್ದೆ. ನೆನಪಿದೆಯಾ?"

ಕಡ್ಡಿ ಇಲ್ಲವೆಂದು ತಲೆಯಾಡಿಸಿದಳು.

ಟೇಲರಮ್ಮ ಹೇಳಿದರು. ಆಗ ಮುಂದಿನ ಕೋಣೆಯೇ ಟಿವಿ ರಿಪೇರಿಯ ಅಂಗಡಿ. ಬೆನ್ನು ಬಿಚ್ಚಿದ ಟಿವಿಗಳು ಸಾಲಾಗಿ ಕೂತಿರುತ್ತಿದ್ದವು. ಯಾವುದಾದರೂ ಒಂದು ಸ್ಸ್ಸ್ ಎಂದು ಸದ್ದು ಮಾಡುತ್ತ, ಪರದೆಯ ತುಂಬ ಇರುವೆ ಮುತ್ತಿದ ಹಾಗೆ ಚುಕ್ಕಿ ಕುಣಿಸುತ್ತಿತ್ತು. ಮಗು ಆ ಸದ್ದು ಕೇಳಿದರೆ ಸಾಕು, ಕಿಟಾರನೆ ಕಿರುಚಿ ಮಂಚದ ಕೆಳಗೆ ಹೋಗಿ ಕೂರುತ್ತಿತ್ತು. ಟಿವಿ ಮುಟ್ಟಿದ ಕೈಯೆಂದು ಅಪ್ಪನ ಹತ್ತಿರವೂ ಹೋಗುತ್ತಿರಲಿಲ್ಲ. ಅವರು ಸೋಪು ಹಾಕಿ ತೊಳೆದುಕೊಂಡು ಬಂದರೂ ಮಗು ಬೆಸುಗೆಯ ವಾಸನೆ ಹಿಡಿದುಬಿಡುತ್ತಿತ್ತು. ಮನುಷ್ಯ ಊಟಕ್ಕೆ ಕೂತಾಗ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು.

"ಆಮೇಲೆ ಒಂದಿನ ಈ ಸ್ಕ್ರೂ ಸಾಹೇಬನ್ನ ನೋಡಿದ್ರು. ಮಾರನೇ ದಿನದಿಂದ ಈ ಕನ್ನಡಿ ಮುಂದೆ ನಿಂತು ಹುಬ್ಬು ಕುಣಿಸೋಕೆ ಶುರು. ನಾನು ಕಾಜ ಹೊಲೀತಾ ಕೂತಿದ್ದೆ. ತಲೆ ಕೆಟ್ಟಿದೆಯಾ ನಿಮಗೆ ಅಂದೆ. 'ಸುಮ್ನಿರೇ, ಹುಬ್ಬು ಎರಡೂ ಒಟ್ಟಿಗೇ ಮೇಲೆ ಹೋಗ್ತಿದೆ, ಒಂದೊಂದೇ ಹೋಗ್ಬೇಕು' ಅಂದ್ರು. ಜನ್ಮದಲ್ಲಿ ಯಾರನ್ನೂ ನಗಿಸಿದ ಮನುಷ್ಯ ಅಲ್ಲ. ಗಿರಾಕಿ ಜೋಕ್ ಹೇಳಿದ್ರೆ ಫ್ಯೂಸ್ ಹೋಗಿದೆಯಾ ಅಂತ ಕೇಳೋರು."

ಕಡ್ಡಿಯ ತುಟಿ ಅಲ್ಲಾಡಿತು.

"ಒಂದೊಂದೇ ಹುಬ್ಬು ಬಂತಾ?" ಪತ್ತೇದಾರಿ ತಡೆಯಲಾರದೆ ಕೇಳಿದಳು.

"ಕೊನೆಗೂ ಬರಲಿಲ್ಲ. ಹಾಗೇ ಮಾಡಿದ್ರು. ನಿಮ್ಮಮ್ಮನ್ನ ಬಾಗಿಲ ಹತ್ರ ನಿಲ್ಸಿ ಒಂದು ತಟ್ಟಿದ್ರು, ಕಿವಿ ಇಟ್ರು, ಇನ್ನೊಂದು ತಟ್ಟಿದ್ರು. ಎಡಗೈ ಟಿವಿ ಹಿಂದುಗಡೆ. ಅಲ್ಲಿ ಆಂಟೆನಾ ವೈರು ಹಿಡ್ಕೊಂಡಿದ್ರು. ಸೇರಿಸಿದ್ರೆ ಸದ್ದು ನಿಲ್ಲುತ್ತೆ, ಚಿತ್ರ ಬರುತ್ತೆ. ಮೂರನೇದು ತಟ್ತಾರೆ ಅಂತ ನಾನೂ ನೋಡ್ತಿದ್ದೆ. ತಟ್ಟಲಿಲ್ಲ. ಇವಳ ಕಡೆ ತಿರುಗಿ ನಿಂತುಬಿಟ್ರು."

"ಎಷ್ಟು ಹೊತ್ತು?" ಎಂದಳು ಕಡ್ಡಿ.

"ಒಲೆ ಮೇಲಿದ್ದ ಹಾಲು ಉಕ್ಕಿತು. ನಾನು ಹೋಗಿ ಇಳಿಸಿ, ಒಲೆ ಒರೆಸಿ ಬಂದೆ. ಇನ್ನೂ ಹಾಗೇ ನಿಂತಿದ್ರು. ಗಿರಾಕಿ ಬಂದ, ಆಮೇಲೆ ಬಾ ಅಂತ ಕಣ್ಣಲ್ಲೇ ಕಳಿಸಿದ್ರು. ನೀನು ಬಾಗಿಲು ಬಿಟ್ಟೆ. ಮೇಜಿನ ತನಕ ಬಂದೆ. ಮತ್ತೆ ವಾಪಸ್ ಓಡಿದೆ. ಅವರು ಕರೀಲೂ ಇಲ್ಲ, ಬಾ ಅಂತ ಕೈ ಮಾಡ್ಲೂ ಇಲ್ಲ. ಕೊನೆಗೆ ನೀನೇ ಬಂದು ಪಟ್ ಅಂತ ತಟ್ಟಿದೆ. ಸದ್ದು ನಿಂತಿತು. ಚಿತ್ರ ಬಂತು. ನೀನು ನಿನ್ನ ಕೈ ನೋಡ್ಕೊಂಡೆ, ಆಮೇಲೆ ಅವರ ಕೈ ಹಿಡ್ಕೊಂಡೆ."

ಕಡ್ಡಿ ಮೊಬೈಲು ತೆಗೆದು ಮತ್ತೊಮ್ಮೆ ಸ್ಕ್ರೂ ಸಾಹೇಬನನ್ನು ನೋಡಿದಳು. ಎರಡನೇ ತಟ್ಟಿಗೂ ಮೂರನೇ ತಟ್ಟಿಗೂ ನಡುವೆ ಅವನು ಉಸಿರೂ ಎಳೆದುಕೊಳ್ಳುವುದಿಲ್ಲ. ನೇರ ಬಾರಿಸುತ್ತಾನೆ, ಟಿವಿ ಬೀಳುತ್ತದೆ, ಜನ ನಗುತ್ತಾರೆ.

"ಇವನು ನಿಲ್ಲೋದೇ ಇಲ್ಲ," ಎಂದಳು.

"ಅವನಿಗ್ಯಾಕೆ ನಿಲ್ಲೋ ಕೆಲಸ? ಅವನೆದುರು ಮಗು ಇತ್ತಾ?"

"ಅಮ್ಮ, ಡೈರೆಕ್ಟರು ಕತ್ತರಿಸಿ ಅಂದದ್ದು ಅದನ್ನೇ. ತಟ್ಟೋದಕ್ಕೆ ಅವರು ಏನೂ ಅಂದಿರಲಿಲ್ಲ. ನಾನು ಜಗಳ ಆಡಿದ್ದು ಆ ನಿಲ್ಲೋದಕ್ಕೆ. ಯಾಕೆ ಅಂತ ಕೇಳಿದ್ರೆ ನಂಗೇ ಹೇಳೋಕೆ ಬರಲಿಲ್ಲ. ಬೇಕು, ಅಷ್ಟೇ ಅಂದೆ." ಅವಳು ಕೋಟಿನ ತೋಳಿನಿಂದಲೇ ಕಣ್ಣೊರೆಸಿಕೊಳ್ಳಲು ಹೋದಳು.

"ಪಿನ್ನಿದೆ! ಕಣ್ಣಿಗೆ ಚುಚ್ಕೋತೀಯ! ಏಳು, ನೆಟ್ಟಗೆ ನಿಂತ್ಕೊ. ಇನ್ನೂ ಎಡಗಡೆ ಬಾಕಿ ಇದೆ."

ಕಡ್ಡಿ ಎದ್ದು ನಿಂತಳು. ಟೇಲರಮ್ಮ ಬಲಭುಜದ ಒಳಗಿನ ಮಡಿಕೆಯನ್ನು ಬಿಚ್ಚಲು ಬ್ಲೇಡು ತೆಗೆದುಕೊಂಡರು. ಮಗಳು ಭುಜ ಹಿಂದಕ್ಕೆ ಎಳೆದುಕೊಂಡಳು.

"ಅದು ಇರ್ಲಿ."

"ನಿನ್ನ ಭುಜ ಇಳಿದಿಲ್ವಲ್ಲೇ. ಸೊಟ್ಟ ಕಾಣುತ್ತೆ."

"ಕಾಣ್ಲಿ ಬಿಡು."

ಟೇಲರಮ್ಮನ ಕೈಯಿಂದ ಸೊಟ್ಟ ಕೋಟು ಹೊರಗೆ ಹೋದದ್ದು ಅದೇ ಮೊದಲು. ಅವರು ಗೊಣಗುತ್ತಲೇ ಉಳಿದದ್ದನ್ನು ಹೊಲಿದರು.

ಭಾನುವಾರ ಥಿಯೇಟರು ಮಕ್ಕಳಿಂದ ಗಿಜಿಗುಡುತ್ತಿತ್ತು. ಆಟ ಮುಗಿದು ದೀಪ ಹತ್ತಿದ ಮೇಲೆ ಮಾಡಿದವರೆಲ್ಲ ಸಾಲಾಗಿ ವೇದಿಕೆಯ ಮೇಲೆ ನಿಂತರು. ಎತ್ತರದ ನಿರ್ದೇಶಕರ ಪಕ್ಕದಲ್ಲಿ ಬಲಕ್ಕೆ ವಾಲಿದ ಕೋಟಿನಲ್ಲಿ ಕಡ್ಡಿ. ಬಸವನಹುಳು ಹತ್ತಾರು ಮಕ್ಕಳಿಗೆ ಸಿಕ್ಕಿತ್ತು. ಇರುವೆಗಳ ರೈಲ್ವೆ ಪ್ಲಾಟ್‌ಫಾರ್ಮು ಒಬ್ಬ ತಾತನಿಗೆ ಸಿಕ್ಕಿತು. ಅವರು ಕೈ ಎತ್ತಿದ್ದಕ್ಕೆ ಮೊಮ್ಮಕ್ಕಳು ನಾಚಿ ಕುಗ್ಗಿದರು.

"ಮುಳ್ಳುಹಂದಿ ತಟ್ಟೋದು?" ಎಂದು ಕಡ್ಡಿಯೇ ಕೇಳಿದಳು. "ಅದು ಎಲ್ಲಿಂದ ಬಂತು, ಯಾರಿಗಾದ್ರೂ ಸಿಕ್ತಾ?"

ಒಂದೇ ಕೈ ಮೇಲೆದ್ದಿತು. ಪತ್ತೇದಾರಿ ಕುರ್ಚಿಯ ಮೇಲೇ ಹತ್ತಿ ನಿಂತಿದ್ದಳು. ಟೇಲರಮ್ಮ ಬೀಳದ ಹಾಗೆ ಅವಳ ಫ್ರಾಕಿನ ಹಿಂಬದಿ ಹಿಡಿದುಕೊಂಡಿದ್ದರು.

"ಸ್ಕ್ರೂ ಸಾಹೇಬ!" ಎಂದು ಕೂಗಿ, ಕಟ್ಟಳೆಯ ಪ್ರಕಾರ ಮುಂದಿನ ಕುರ್ಚಿಯ ಬೆನ್ನಿಗೆ ಎರಡು ತಟ್ಟಿ, ಕಿವಿಯಿಟ್ಟು, ಹುಬ್ಬು ಕುಣಿಸಿ ತೋರಿಸಿದಳು. ಹಳಬರು ಕೆಲವರು ಅಹಾ ಎಂದು ಉದ್ಗರಿಸಿದರು.

"ಪೂರ್ತಿ ಅವರದ್ದೇನಾ?" ವೇದಿಕೆಯಿಂದ ಕಡ್ಡಿ ಕೇಳಿದಳು.

"ಅಲ್ಲ. ಎರಡು ತಟ್ಟು ಅವರದ್ದು. ಆಮೇಲೆ ನಿಂತ್ಕೊಳ್ಳೋದು ನಮ್ಮಜ್ಜಂದು."

"ಒಪ್ಪಿಗೆ," ಎಂದಳು ಕಡ್ಡಿ. "ದಿಂಬು ನಿಂದು." ಸಭೆಗೆ ಅದೇನೆಂದು ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿತು. ನಿರ್ದೇಶಕರು ಕಡ್ಡಿಯ ಕಡೆಗೊಮ್ಮೆ ತಿರುಗಿ ನೋಡಿ, ಮೈಕು ತೆಗೆದುಕೊಂಡು, ಹಾಗಾದರೆ ಆ ಭಾಗವನ್ನು ಇನ್ನೊಮ್ಮೆ ಹಾಕಿ ಎಂದರು.

ಮತ್ತೆ ಕತ್ತಲಾಯಿತು. ಮುಳ್ಳುಹಂದಿ ಬಂತು. ಒಂದು ತಟ್ಟಿತು, ಕಿವಿಯಿಟ್ಟಿತು. ಟೇಲರಮ್ಮ ಮೊದಲ ಸಲ ಸರಿಯಾಗಿ ನೋಡಿದರು: ಹುಬ್ಬು ಎರಡೂ ಒಟ್ಟಿಗೇ ಮೇಲೆ ಹೋಗುತ್ತಿದ್ದವು. ಇನ್ನೊಂದು ತಟ್ಟಿತು. ತಿರುಗಿ ನಿಂತಿತು.

ಸುಮ್ಮನೆ ನಿಂತಿತು. ಯಾರೂ ಎದ್ದು ಹೋಗಲಿಲ್ಲ. ಮುಂದಿನ ಸಾಲಿನಲ್ಲೆಲ್ಲೋ ಒಂದು ಮಗು ಕುರ್ಚಿಗೆ ಪಟ್ ಎಂದು ತಟ್ಟಿತು. ಆಚೆ ಇನ್ನೊಂದು. ಆಮೇಲೆ ಅಲ್ಲಿಂದ, ಇಲ್ಲಿಂದ, ಬಾಲ್ಕನಿಯಿಂದ, ಮಳೆ ಶುರುವಾದ ಹಾಗೆ ಪಟ್ ಪಟ್ ಸದ್ದು. ಟೇಲರಮ್ಮನ ಹಿಂದೆ ಕೂತಿದ್ದ ಯಾವುದೋ ಮಗುವಿಗೆ ಕತ್ತಲಲ್ಲಿ ಕುರ್ಚಿಯ ಅಂದಾಜು ಸಿಗಲಿಲ್ಲ. ಅದು ಸೀದಾ ಅವರ ಬಲಭುಜಕ್ಕೇ ತಟ್ಟಿತು.

"ಅಯ್ಯೋ, ಸಾರಿ ಅಜ್ಜಿ," ಎಂದು ಅದರ ತಾಯಿ ಪಿಸುಗುಟ್ಟಿದಳು.

ಟೇಲರಮ್ಮ ಹಿಂತಿರುಗಿ ನೋಡಲಿಲ್ಲ. "ಇರ್ಲಿ ಬಿಡಮ್ಮ, ತಟ್ಲಿ," ಎಂದರು. ಅಷ್ಟರಲ್ಲಿ ಚಂದ್ರ ಹತ್ತಿಕೊಂಡಿದ್ದ.